ಎರಡನೆಯ ಬೀಗದ ಕೈ ಯಾರಲ್ಲಿದೆ?



ಮಳೆಗಾಲ ಹಿಡಿಯುವ ಮುನ್ನ ಈ ಪುಟದಲ್ಲಿ ಮೈಲುತುತ್ತದ ವಿಚಾರ ಬರೆಯುವುದು ನಮ್ಮ ಸಂಘದ ವಾಡಿಕೆ. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವನ್ನು ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕೊಳೆ ಬರುವ ಮೊದಲೇ ಮದ್ದು ಹೊಡೆಯಬೇಕೆಂಬುದೂ ಎಲ್ಲರಿಗೂ ತಿಳಿದದ್ದೇ. ಉದುರಿದ ಕಾಯಿಯನ್ನು ಯಾವ ಮದ್ದೂ ತಿರುಗಿ ಕೊನೆಗೆ ಅಂಟಿಸಲಾರದು. ಈ ಸಲ ನಾನು ಬರೆಯಹೊರಟಿರುವುದು ಇಂಥದೇ ಇನ್ನೊಂದು ಮುನ್ನೆಚ್ಚರಿಕೆಯ ಬಗ್ಗೆ. ಅದನ್ನು ನಾನು ಮಾಡಿಕೊಂಡಿರಲಿಲ್ಲ. ಆದ್ದರಿಂದ ಉಪದೇಶಕ್ಕಿಂತ ಮೊದಲು ತಪ್ಪೊಪ್ಪಿಗೆ.

ನಮ್ಮ ತಂದೆಯವರು ತೋಟದ ಮಳೆಯ ಲೆಕ್ಕವನ್ನು ದಿನವೂ ಬೆಳಿಗ್ಗೆ ಅಳೆದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಯಾವ ವರ್ಷ ಹೂಮಳೆ ಎಂದು ಬಿತ್ತು, ಯಾವ ವರ್ಷ ಕೈಕೊಟ್ಟಿತು, ಯಾವ ಆಷಾಢದಲ್ಲಿ ಎಷ್ಟು ದಿನ ಬಿಸಿಲೇ ಕಾಣಲಿಲ್ಲ ಎಂಬುದೆಲ್ಲ ಅದರಲ್ಲಿತ್ತು. ಅವರು ಹೋದ ಮೇಲೆ ನಾನು ಒಂದು ಮಳೆಗಾಲ ಪೂರ್ತಿ ಕುಳಿತು ಆ ಪುಸ್ತಕಗಳನ್ನು ಅಂತರಜಾಲದ ನನ್ನ ಖಾತೆಯೊಂದರಲ್ಲಿ ಹಾಳೆ ಹಾಳೆಯಾಗಿ ಏರಿಸಿದೆ. ಮುಂದಿನ ವರ್ಷಗಳ ಲೆಕ್ಕವನ್ನೂ ಅದರಲ್ಲೇ ಬರೆಯುತ್ತ ಬಂದೆ. ಕೆಲಸ ಮುಗಿಯಿತೆಂದು ಪುಸ್ತಕಗಳನ್ನು ಅಟ್ಟದ ಮೇಲೆ ಹಾಕಿದೆ. ಎರಡು ವರ್ಷ ಬಿಟ್ಟು ನೋಡುವಾಗ ಗೆದ್ದಲು ತಿಂದು ರಟ್ಟು ಮಾತ್ರ ಉಳಿದಿತ್ತು. ಆಗಲೂ ನನಗೆ ಅಂಥ ದುಃಖವಾಗಲಿಲ್ಲ. ಖಾತೆಯಲ್ಲಿದೆಯಲ್ಲ ಎಂಬ ಧೈರ್ಯ.

ಹೋದ ಮಳೆಗಾಲದಲ್ಲಿ ಮದ್ದು ಹೊಡೆಸುತ್ತ ನಿಂತಿದ್ದಾಗ ಅಂಗಿಯ ಜೇಬಿನಿಂದ ಫೋನು ಜಾರಿ ಮದ್ದಿನ ಡ್ರಮ್ಮಿಗೇ ಬಿತ್ತು. ಫೋನು ಹೋಯಿತು, ಸಿಮ್ ಉಳಿಯಿತು. ಹೊಸ ಫೋನು ತಂದು ಖಾತೆ ತೆರೆಯಹೋದರೆ ಪಾಸ್‌ವರ್ಡ್ ಕೇಳಿತು. ವರ್ಷಗಟ್ಟಲೆ ಒಂದೇ ಫೋನಿನಲ್ಲಿ ತೆರೆದೇ ಇದ್ದ ಖಾತೆಯ ಪಾಸ್‌ವರ್ಡ್ ಯಾರಿಗೆ ನೆನಪಿರುತ್ತದೆ? ನಾಲ್ಕಾರು ಸಲ ಊಹೆಯ ಮೇಲೆ ಬರೆದೆ. ಖಾತೆಗೆ ಬೀಗ ಬಿತ್ತು. "ತಮ್ಮ ಸಂಖ್ಯೆಗೆ ಗುಟ್ಟಿನ ಅಂಕಿ ಕಳುಹಿಸುತ್ತೇವೆ" ಎಂದು ತೆರೆಯ ಮೇಲೆ ಮೂಡಿದಾಗ ಬದುಕಿದೆ ಎಂದುಕೊಂಡೆ. ಆದರೆ ಅದು ತೋರಿಸಿದ ಕೊನೆಯ ಎರಡು ಅಂಕಿ ನನ್ನ ಈಗಿನ ಸಂಖ್ಯೆಯವಲ್ಲ. ನಮ್ಮ ಗುಡ್ಡಕ್ಕೆ ಬೇರೆ ಕಂಪನಿಯ ಟವರ್ ಬಂದಾಗ ನಾನು ಬಿಟ್ಟುಬಿಟ್ಟ ಹಳೆಯ ಸಂಖ್ಯೆಯವು.

ಆ ಹಳೆಯ ಸಂಖ್ಯೆಗೆ ಕರೆ ಮಾಡಿದೆ. ಯಾರೋ ಅಪರಿಚಿತರು ಎತ್ತಿದರು. "ಸ್ವಾಮಿ, ಈಗ ತಮ್ಮ ಫೋನಿಗೆ ಒಂದು ಅಂಕಿ ಬಂದಿರುತ್ತದೆ, ದಯಮಾಡಿ ಹೇಳಬಹುದೇ?" ಎಂದು ಕೇಳಿದೆ. ಅವರು ಒಂದು ಮಾತನ್ನೂ ಆಡದೆ ಫೋನಿಟ್ಟರು. ಅವರು ಮಾಡಿದ್ದೇ ಸರಿ. ಅಪರಿಚಿತರು ಕೇಳಿದರೆ ಒಟಿಪಿ ಹೇಳಬೇಡಿರೆಂದು ಸಂಘದ ಮಹಾಸಭೆಯಲ್ಲಿ ಮೈಕು ಹಿಡಿದು ಹೇಳಿದವನು ನಾನೇ ಅಲ್ಲವೇ! ಮಳೆಯ ಲೆಕ್ಕ ಇಂದಿಗೂ ಆ ಬೀಗದ ಒಳಗೇ ಇದೆ.

ಇಲ್ಲಿ ಯಾರನ್ನೂ ದೂರುವಂತಿಲ್ಲ. ಬೀಗ ತನ್ನ ಕೆಲಸವನ್ನು ಮಾಡಿದೆ. ಬೀಗದ ಕೈಯನ್ನು ಎರಡನೆಯವರಲ್ಲಿ ಕೊಡದೆ ಇದ್ದವನು ನಾನು. ಬ್ಯಾಂಕಿನಲ್ಲಿ ತೊಂದರೆಯಾದರೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಬಹುದು, ಮುಖ ನೋಡಿ ಗುರುತಿಸುವವರು ಇರುತ್ತಾರೆ. ಅಂತರಜಾಲದ ಖಾತೆಗೆ ಅಂಥ ಕೌಂಟರು ಇಲ್ಲ. ನಾವು ಯಾರೆಂಬುದಕ್ಕೆ ಅಲ್ಲಿರುವ ಸಾಕ್ಷಿ ನಾವು ಮೊದಲೇ ಬರೆಸಿಟ್ಟ ದೂರವಾಣಿ ಸಂಖ್ಯೆ, ಎರಡನೆಯ ಮಿಂಚಂಚೆ ವಿಳಾಸ ಇಂಥವು ಮಾತ್ರ. ಅದನ್ನು ಖಾತೆ ತೆರೆದಿರುವಾಗಲೇ ಬರೆಸಬೇಕು. ಬೀಗ ಬಿದ್ದ ಮೇಲೆ ಸಾಕ್ಷಿ ಸೇರಿಸುತ್ತೇನೆಂದರೆ ನಡೆಯುವುದಿಲ್ಲ. ಹಾಗೆ ಬಿಟ್ಟರೆ ಕಳ್ಳನೂ ತನ್ನ ಸಂಖ್ಯೆಯನ್ನು ಸೇರಿಸಿಕೊಂಡಾನು.

"ಮೂರೆಕರೆ ತೋಟದವನಿಗೆ ಇದೆಲ್ಲ ಯಾಕೆ ಸ್ವಾಮಿ?" ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಬಹುಮಂದಿಯ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನು. ಅದರಲ್ಲಿ ಒಂದು ಗೂಗಲ್ ಖಾತೆ ಇದ್ದೇ ಇರುತ್ತದೆ, ಅಂಗಡಿಯ ಹುಡುಗ ಮಾಡಿಕೊಟ್ಟದ್ದಾದರೂ ಸರಿ. ಮಕ್ಕಳ ಮದುವೆಯ ಚಿತ್ರ, ಪಹಣಿಯ ನಕಲು, ವಿಮೆಯ ರಸೀದಿ, ಮಂಡಿಯವರು ಕಳುಹಿಸಿದ ಪಟ್ಟಿ, ಕೆಲಸದವರ ಸಂಖ್ಯೆಗಳು ಎಲ್ಲವೂ ಅದಕ್ಕೇ ಜೋತುಬಿದ್ದಿರುತ್ತವೆ. ತೋಟ ಚಿಕ್ಕದಾದಷ್ಟೂ ಒಂದು ಕಾಗದ ಕಳೆದರೆ ಆಗುವ ನಷ್ಟ ದೊಡ್ಡದು. ದೊಡ್ಡ ಎಸ್ಟೇಟಿಗೆ ರೈಟರು ಇರುತ್ತಾರೆ, ಆಫೀಸಿರುತ್ತದೆ. ನಮಗೆ ನಾವೇ.

ಮಾಡಬೇಕಾದದ್ದು ಬಹಳವಿಲ್ಲ. ಫೋನಿನ ಸೆಟ್ಟಿಂಗ್ಸ್ ತೆರೆದು ಗೂಗಲ್ ಎಂಬಲ್ಲಿ ಒತ್ತಿ, ಖಾತೆಯ ನಿರ್ವಹಣೆಗೆ ಹೋಗಿ, ಸೆಕ್ಯುರಿಟಿ ಎಂಬ ವಿಭಾಗವನ್ನು ನೋಡಬೇಕು. ಅಲ್ಲಿ ರಿಕವರಿ ಫೋನ್, ರಿಕವರಿ ಇಮೇಲ್ ಎಂಬ ಎರಡು ಸಾಲುಗಳಿರುತ್ತವೆ. ಮೊದಲನೆಯದರಲ್ಲಿ ಈಗ ಚಾಲ್ತಿಯಲ್ಲಿರುವ ಸಂಖ್ಯೆ ಇದೆಯೇ, ಎರಡನೆಯದರಲ್ಲಿ ತಾವು ತೆರೆಯಬಲ್ಲ ಬೇರೊಂದು ವಿಳಾಸ ಇದೆಯೇ ಎಂದು ನೋಡಿಕೊಳ್ಳಬೇಕು. ಹಳೆಯದಿದ್ದರೆ ಅಳಿಸಿ ಹೊಸದು ಬರೆಸಬೇಕು. ಬದಲಾಯಿಸಿದ ಮೇಲೂ 7 ದಿನಗಳವರೆಗೆ ಹಳೆಯ ಸಂಖ್ಯೆಗೇ ಅಂಕಿ ಕಳುಹಿಸುವ ಆಯ್ಕೆ ಉಳಿದಿರಬಹುದು. ಕಳ್ಳನೊಬ್ಬ ಒಳಹೊಕ್ಕು ಸಂಖ್ಯೆ ಬದಲಾಯಿಸಿದರೆ ಯಜಮಾನನಿಗೆ ಒಂದು ದಾರಿ ಇರಲಿ ಎಂಬುದು ಅದರ ಉಪಯೋಗ. ಆದ್ದರಿಂದ ಹಳೆಯ ಸಿಮ್ಮನ್ನು ಕೈಬಿಡುವುದಕ್ಕೆ ಮೊದಲೇ ಹೊಸ ಸಂಖ್ಯೆಯನ್ನು ಬರೆಸುವುದು ಒಳ್ಳೆಯದು.

ಸಂಖ್ಯೆಯ ಬಗ್ಗೆ ಒಂದು ಎಚ್ಚರಿಕೆ. ರೀಚಾರ್ಜ್ ಮಾಡದೆ, ಬಳಸದೆ ಬಿಟ್ಟ ಸಂಖ್ಯೆ ಕೆಲಕಾಲದ ಮೇಲೆ ರದ್ದಾಗುತ್ತದೆ. ಹಾಗೆ ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಆಮೇಲೆ ಅದು ಯಾರ ಪಾಲಿಗಾದರೂ ಹೋಗಬಹುದು. ನನ್ನ ಸಂಖ್ಯೆ ಹಾಗೆಯೇ ಹೋಯಿತು. ಎರಡನೆಯ ಮಿಂಚಂಚೆಗೂ ಇದೇ ಮಾತು. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಆದ್ದರಿಂದ ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಅದನ್ನು ತೆರೆದು ನೋಡುವುದು ಕ್ಷೇಮ.

ನಮ್ಮ ಮಲೆನಾಡಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ವೈಫೈ ಬಂದಿರುತ್ತದೆ, ಆದರೆ ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅಂಕಿ ಫೋನಿಗೆ ತಲುಪುವಷ್ಟರಲ್ಲಿ ಅವಧಿ ತೀರಿರುತ್ತದೆ. ಇದಕ್ಕೆ ಉಪಾಯವೆಂದರೆ ಬ್ಯಾಕಪ್ ಕೋಡ್. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಕೊಂಡವರಿಗೆ ಗೂಗಲ್ 10 ಕೋಡುಗಳನ್ನು ಕೊಡುತ್ತದೆ. ಪ್ರತಿಯೊಂದಕ್ಕೂ 8 ಅಂಕಿ, ಒಂದನ್ನು ಒಂದೇ ಸಲ ಬಳಸಬಹುದು. ಇದಕ್ಕೆ ಸಿಗ್ನಲ್ ಬೇಡ, ಕಾಗದ ಸಾಕು. ಆದರೆ ಇದು ಪಾಸ್‌ವರ್ಡಿನ ನಂತರದ ಎರಡನೆಯ ಹಂತಕ್ಕೆ. ಆದ್ದರಿಂದ ಪಾಸ್‌ವರ್ಡನ್ನೂ ಮರೆಯದಂತೆ ಮನೆಯಲ್ಲಿ ಬೇರೊಂದು ಕಡೆ ಬರೆದಿಡಬೇಕು. ಕೋಡಿನ ಕಾಗದವನ್ನು ತೇವ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪಹಣಿ, ಪತ್ರಗಳ ಜತೆ ಕಪಾಟಿನಲ್ಲಿ ಭದ್ರಪಡಿಸಬೇಕು. ಫೋನಿನ ಕವರಿನೊಳಗೆ ಮಡಚಿಡುವುದು ಬೇಡ. ಫೋನು ಡ್ರಮ್ಮಿಗೆ ಬಿದ್ದರೆ ಅದೂ ಬೀಳುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇದು ಕೆಲವರಿಗೆ ರುಚಿಸಲಿಕ್ಕಿಲ್ಲ.

ಸಂಘದ ಕಚೇರಿಯಲ್ಲಿ ಖಾತೆ ಮಾಡಿಸಿಕೊಂಡ ಅನೇಕ ಸದಸ್ಯರು "ಸೆಕ್ರೆಟರಿಗಳೇ, ಎರಡನೇ ನಂಬರಿಗೆ ನಿಮ್ಮದೇ ಹಾಕಿಬಿಡಿ" ಎಂದರು. ನಾನೂ ಉಪಕಾರವಾಗಲಿ ಎಂದು ಹಾಕಿಸಿದೆ. ಅದು ಎಂಥ ತಪ್ಪು ಎಂದು ನನಗೆ ತಿಳಿದದ್ದು ಕಳೆದ ವರ್ಷ. ನಮ್ಮ ಸದಸ್ಯೆಯೊಬ್ಬರು, ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಿರುವವರು, ಅರ್ಜಿಯೊಂದರ ಕಡೆಯ ದಿನ ತಮ್ಮ ಖಾತೆಯಲ್ಲಿದ್ದ ಕಾಗದ ತೆಗೆಯಬೇಕಾಯಿತು. ಅಂಕಿ ಬಂದದ್ದು ನನ್ನ ಫೋನಿಗೆ. ನಾನು ಅಂದು ಸಭೆಗೆ ಹೋಗಿದ್ದೆ, ಫೋನು ಆರಿಸಿಟ್ಟಿದ್ದೆ. ಆ ತಾಯಿ ಮಳೆಯಲ್ಲಿ ಎರಡು ಸಲ ಕಚೇರಿಗೆ ನಡೆದು ಬಂದು ಬರಿಗೈಯಲ್ಲಿ ಹಿಂತಿರುಗಿದರು. ಮರುದಿನ ನಾನು ಕ್ಷಮೆ ಕೇಳಿದಾಗ "ಪರವಾಗಿಲ್ಲ ಬಿಡಿ" ಎಂದರು. ಪರವಾಗಿತ್ತು. ಅರ್ಜಿಯ ದಿನ ಕಳೆದುಹೋಗಿತ್ತು.

ಹಾಗಾಗಿ ನನ್ನ ಖಚಿತ ಅಭಿಪ್ರಾಯ ಇದು: ಎರಡನೆಯ ಬೀಗದ ಕೈ ಮನೆಯಲ್ಲಿರಬೇಕು, ಕಚೇರಿಯಲ್ಲಲ್ಲ. ಕಾರ್ಯದರ್ಶಿ ಇಂದು ಇದ್ದಾನೆ, ನಾಳೆ ಬದಲಾಗುತ್ತಾನೆ. ಕಚೇರಿಯ ಫೋನನ್ನು ನಾಲ್ಕು ಜನ ಎತ್ತುತ್ತಾರೆ. ನೂರು ಮನೆಯ ಬೀಗದ ಕೈ ಒಬ್ಬನ ಸೊಂಟದಲ್ಲಿ ನೇತಾಡುವುದು ಆ ನೂರು ಮನೆಗೂ ಒಳ್ಳೆಯದಲ್ಲ, ಅವನಿಗೂ ಒಳ್ಳೆಯದಲ್ಲ. ಸೈಬರ್ ಅಂಗಡಿಯ ಸಂಖ್ಯೆಯನ್ನಂತೂ ಸರ್ವಥಾ ಕೊಡಬಾರದು.

ಹಾಗಾದರೆ ಯಾರ ಸಂಖ್ಯೆ? ಬೆಂಗಳೂರಿನಲ್ಲಿರುವ ಮಗನದೋ ಮಗಳದೋ ಎಂದು ತಟ್ಟನೆ ಹೊಳೆಯುತ್ತದೆ. ಅದು ಸರಿಯೇ. ಆದರೆ ಅವರು ಕೆಲಸದಲ್ಲಿರುತ್ತಾರೆ, ಕಂಪನಿ ಬದಲಾದರೆ ಸಂಖ್ಯೆಯೂ ಬದಲಾದೀತು. ನನ್ನ ಮಟ್ಟಿಗೆ ಮೊದಲ ಹಕ್ಕು ಮನೆಯೊಡತಿಯದು. ಅಡಿಕೆ ಸುಲಿಯುವ ಲೆಕ್ಕ, ಕಣದ ಕಾಫಿಯ ಲೆಕ್ಕ, ಆಳುಗಳ ಬಟವಾಡೆ ಎಲ್ಲ ಅವರಿಗೆ ಗೊತ್ತಿರುವಾಗ ಈ ಬೀಗದ ಕೈ ಮಾತ್ರ ಏಕೆ ಬೇಡ? ಎಷ್ಟೋ ಮನೆಗಳಲ್ಲಿ ಯಜಮಾನರು ಆಸ್ಪತ್ರೆಯಲ್ಲಿದ್ದಾಗ ಅವರ ಫೋನು ತೆರೆಯಲು ಯಾರಿಗೂ ಬಾರದೆ ಪರದಾಡಿದ್ದನ್ನು ನಾವು ಕಂಡಿದ್ದೇವೆ.

ಎರಡನೆಯವರಿಗೆ ಸಂಖ್ಯೆ ಬಿಟ್ಟುಕೊಟ್ಟರೆ ಖಾತೆಯೇ ಅವರ ಕೈಗೆ ಹೋಗದೇ ಎಂಬ ಅಂಜಿಕೆ ನಿರಾಧಾರವಲ್ಲ. ನಂಬಿಕೆಯಿಲ್ಲದವರ ಸಂಖ್ಯೆ ಕೊಡಬಾರದೆಂಬುದು ಅದಕ್ಕೇ. ಇದಕ್ಕೊಂದು ಅನುಕೂಲವೂ ಈಗ ಬಂದಿದೆ. 2025ರ ಅಕ್ಟೋಬರಿನಲ್ಲಿ ಗೂಗಲ್ 'ರಿಕವರಿ ಕಾಂಟ್ಯಾಕ್ಟ್ಸ್' ಎಂಬ ಏರ್ಪಾಡನ್ನು ಪ್ರಕಟಿಸಿತು. ಗೂಗಲ್ ಖಾತೆಯಿರುವ ಆಪ್ತರನ್ನು, 10 ಮಂದಿಯವರೆಗೆ, ಸಾಕ್ಷಿಗಳಾಗಿ ಹೆಸರಿಸಬಹುದು. ಬೀಗ ಬಿದ್ದಾಗ ನಮ್ಮ ತೆರೆಯ ಮೇಲೆ ಕಾಣುವ ಅಂಕಿಯನ್ನು ಅವರು ತಮ್ಮ ಫೋನಿನಲ್ಲಿ ಗುರುತಿಸಿ ಒತ್ತಿದರೆ ಅದು ನಮ್ಮ ಗುರುತಿಗೆ ಆಧಾರವಾಗುತ್ತದೆ. ಖಾತೆಯೊಳಗಿನದ್ದು ಅವರಿಗೆ ಕಾಣುವುದಿಲ್ಲ. ಆದರೆ ನಿಜವಾಗಿ ಕೇಳುತ್ತಿರುವುದು ನಾವೇ ಎಂದು ಅವರು ನಮ್ಮ ದನಿ ಕೇಳಿ ಖಾತ್ರಿ ಮಾಡಿಕೊಳ್ಳಬೇಕು. ಸಾಕ್ಷಿ ಹಾಕುವವನಿಗೆ ನೋಡಿ ಸಹಿ ಹಾಕುವ ಜವಾಬ್ದಾರಿ ಇದ್ದಂತೆ.

ಈಗಾಗಲೇ ಬೀಗ ಬಿದ್ದವರಿಗೆ ಎರಡು ಮಾತು. ಹಿಂದೆ ಖಾತೆ ಬಳಸುತ್ತಿದ್ದ ಫೋನಿನಿಂದಲೇ, ಬಳಸುತ್ತಿದ್ದ ಮನೆಯಿಂದಲೇ ಪ್ರಯತ್ನಿಸಿರಿ. ಪೇಟೆಯ ಅಂಗಡಿಯ ಯಂತ್ರಕ್ಕಿಂತ ಅದರಿಂದ ಗುರುತು ಹತ್ತುವ ಸಂಭವ ಹೆಚ್ಚು. ಖಾತೆ ಬಿಡಿಸಿಕೊಡುತ್ತೇವೆಂದು ಫೋನು ಮಾಡುವವರನ್ನು, ಹಣ ಕೇಳುವವರನ್ನು ನಂಬಬೇಡಿರಿ. ಗೂಗಲ್ ಅಂಥ ಯಾವ ಮಧ್ಯವರ್ತಿಯನ್ನೂ ಇಟ್ಟುಕೊಂಡಿಲ್ಲ. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ.

ಮುಂದಿನ ಗೊಬ್ಬರ ವಿತರಣೆಯ ದಿನ ಕಚೇರಿಯ ಜಗಲಿಯಲ್ಲಿ ಎರಡು ಮೇಜು ಹಾಕಿಸುತ್ತೇನೆ. ಸದಸ್ಯರು ಫೋನಿನೊಂದಿಗೆ, ಸಾಧ್ಯವಾದರೆ ಮನೆಯವರೊಂದಿಗೆ ಬರಬೇಕೆಂದು ವಿನಂತಿ. ಒತ್ತುವುದು ತಾವೇ, ಪಾಸ್‌ವರ್ಡ್ ಯಾರಿಗೂ ಹೇಳಬೇಕಾಗಿಲ್ಲ. ದಾರಿ ತೋರಿಸಲು ನಾವಿರುತ್ತೇವೆ. ಯಾರ ಖಾತೆಯಲ್ಲಿ ನನ್ನ ಸಂಖ್ಯೆ ಇದೆಯೋ ಅವರು ದಯವಿಟ್ಟು ಮೊದಲ ಸಾಲಿನಲ್ಲಿ ಬನ್ನಿ. ಅದನ್ನು ಅಳಿಸಿ ತಮ್ಮ ಮನೆಯವರದನ್ನು ಬರೆಸಿಕೊಂಡು ಹೋದರೆ ನನಗೆ ಸಮಾಧಾನ.

ತಂದೆಯವರ ಮಳೆಯ ಲೆಕ್ಕ ನನಗೆ ತಿರುಗಿ ಸಿಕ್ಕೀತೋ ಇಲ್ಲವೋ. ಸದ್ಯಕ್ಕೆ ಹೊಸ ನೋಟುಪುಸ್ತಕವೊಂದನ್ನು ತಂದು ಬರೆಯತೊಡಗಿದ್ದೇನೆ. ಖಾತೆಗೂ ಏರಿಸುತ್ತಿದ್ದೇನೆ. ಈ ಸಲ ಎರಡನೆಯ ಸಂಖ್ಯೆ ನಮ್ಮ ಮನೆಯವರದು.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ