ಅಂಧ ಮಕ್ಕಳಿಗೆ ಚಿತ್ರವೇಕೆ?

ಹೀಗೆ ಕೇಳುವವರು ಕಠಿಣ ಹೃದಯದವರೇನಲ್ಲ. ಹಬ್ಬ ಹುಣ್ಣಿಮೆಗಳಲ್ಲಿ, ಗುರುದೀಕ್ಷೆಯ ರಜತೋತ್ಸವಗಳಲ್ಲಿ ಅಂಧಶಾಲೆಗೆ ಹೋಗಿ ಊಟ ಬಡಿಸಿ ಬರುವವರೇ ಹಾಗೆ ಕೇಳುತ್ತಾರೆ. ಆ ಊಟವನ್ನು ನಾನು ಹಳಿಯುವುದಿಲ್ಲ. ಆದರೆ ಉಂಡ ಮಗು ಮಧ್ಯಾಹ್ನ ವಿಜ್ಞಾನದ ತರಗತಿಗೆ ಮರಳಿದಾಗ, ಹೃದಯದ ನಾಲ್ಕು ಕೋಣೆಗಳು ಹೇಗಿವೆಯೆಂದು ಅದಕ್ಕೆ ತೋರಿಸುವವರಾರು?

ತೋರಿಸುವ ಬದಲು ನಾವು ವಿನಾಯಿತಿ ನೀಡುತ್ತೇವೆ. ಪರೀಕ್ಷೆಯಲ್ಲಿ ಚಿತ್ರದ ಪ್ರಶ್ನೆಗೆ ಬದಲಿ ಪ್ರಶ್ನೆ ಕೊಡುವುದು ನ್ಯಾಯವೇ ಸರಿ. ಆದರೆ ಪರೀಕ್ಷೆಯ ವಿನಾಯಿತಿ ಪಾಠದ ವಿನಾಯಿತಿಯಾಗಿಬಿಟ್ಟರೆ ರೇಖಾಗಣಿತ, ಭೂಪಟ, ನಕ್ಷೆಗಳೆಲ್ಲ ಆ ಮಗುವಿನ ಪಾಲಿಗೆ ಇಲ್ಲವಾಗುತ್ತವೆ. ಅನಂತರ "ಇವರಿಗೆ ಗಣಿತ ಹತ್ತುವುದಿಲ್ಲ" ಎಂದು ತೀರ್ಪು ಕೊಡುವವರೂ ನಾವೇ!

ಲೂಯಿ ಬ್ರೈಲ್ ದೃಷ್ಟಿ ಕಳೆದುಕೊಂಡ ಬಾಲಕನಾಗಿದ್ದಾಗ ಅವನಿಗೆ ಪಾಠ ಹೇಳಿದವರಲ್ಲಿ ಅವನೂರಿನ ಧರ್ಮಕೇಂದ್ರದ ಗುರುಗಳೂ ಒಬ್ಬರು. (ನಮ್ಮ ಗುರುಬಂಧುಗಳು ಇದನ್ನು ನೆನಪಿಡಬೇಕು.) 1829ರಲ್ಲಿ ಅವನ ಚುಕ್ಕಿಲಿಪಿ ಪ್ರಕಟವಾಯಿತು. ಅಕ್ಷರ ಬೆರಳಿಗೆ ದಕ್ಕಿತು. ಚಿತ್ರ ಮಾತ್ರ ಹಿಂದುಳಿಯಿತು.

ಇಂದು ಉಪಾಯಗಳಿಗೆ ಕೊರತೆಯಿಲ್ಲ. ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಉಬ್ಬುಚಿತ್ರ ತೆಗೆಯಬಹುದು. ಶಾಖ ತಗುಲಿದೊಡನೆ ಕಪ್ಪು ಗೆರೆಗಳು ಉಬ್ಬಿ ನಿಲ್ಲುವ ಕಾಗದವೂ ಇದೆ. ದೆಹಲಿಯ ಐಐಟಿಯಲ್ಲಿ ಇಂತಹ ಸ್ಪರ್ಶಚಿತ್ರಗಳ ಕೆಲಸ ನಡೆದಿದೆ. ಯಂತ್ರವಿಲ್ಲದಲ್ಲಿ ರಟ್ಟು, ದಾರ, ಮರಳು, ಅಂಟು ಸಾಕು.

ಆದರೆ ಪಠ್ಯಪುಸ್ತಕದ ಚಿತ್ರವನ್ನು ಹಾಗೆಯೇ ಉಬ್ಬಿಸಿ ಕೊಟ್ಟರೆ ಅದು ಗೋಜಲು. ಕಣ್ಣು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತದೆ. ಬೆರಳು ತುಣುಕು ತುಣುಕಾಗಿ ಸವರುತ್ತಾ ಇಡಿಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಆದ್ದರಿಂದ ಒಂದು ಹಾಳೆಯಲ್ಲಿ ಹೃದಯದ ಹೊರಗೆರೆ, ಇನ್ನೊಂದರಲ್ಲಿ ಕೋಣೆಗಳು, ಮತ್ತೊಂದರಲ್ಲಿ ರಕ್ತದ ಹರಿವು. ಜೊತೆಗೆ ಆ ಕೈಯನ್ನು ಹಿಡಿದು ನಡೆಸಲು ತಾಳ್ಮೆಯುಳ್ಳ ಒಬ್ಬ ಶಿಕ್ಷಕರು. ಬೆತ್ಸಾಯಿದದ ಕುರುಡನಿಗೆ ಮನುಷ್ಯರು ನಡೆದಾಡುವ ಮರಗಳಂತೆ ಕಂಡಾಗ, ಇಷ್ಟು ಸಾಕೆಂದು ಯೇಸುಸ್ವಾಮಿ ಕೈಬಿಡಲಿಲ್ಲ. ಮತ್ತೊಮ್ಮೆ ಅವನ ಕಣ್ಣುಗಳ ಮೇಲೆ ಕೈಯಿಟ್ಟರು. ಅರ್ಧಂಬರ್ಧ ತಿಳಿವಳಿಕೆಯೇ ಕುರುಡರಿಗೆ ಬೇಕಾದಷ್ಟಾಯಿತೆಂದು ಭಾವಿಸುವ ನಮ್ಮ ಕರುಣೆ ಯಾವ ಶುಭಸಂದೇಶದ್ದು?

ಖರ್ಚಿನ ಮಾತು ಬಂದೇ ಬರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ ಹಾಗೂ ಕಲಿಕಾ ಸಾಮಗ್ರಿಗಳನ್ನು ಉಚಿತವಾಗಿ ಒದಗಿಸುವ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿದೆ. ಅದನ್ನು ಕೇಳಿ ಪಡೆಯುವ ಮುಖ್ಯೋಪಾಧ್ಯಾಯರು ನಮ್ಮಲ್ಲಿ ಎಷ್ಟು ಮಂದಿ? ಸರ್ಕಾರ ಕೊಡುವವರೆಗೂ ಮಗುವಿನ ಬಾಲ್ಯ ಕಾಯುವುದಿಲ್ಲ. "ನಮ್ಮ ಶಾಲೆಯಲ್ಲಿ ಅಂಧ ಮಕ್ಕಳೇ ಇಲ್ಲವಲ್ಲ" ಎನ್ನುವ ಆಡಳಿತ ಮಂಡಳಿಯವರು, ಪ್ರವೇಶ ಕೋರಿ ಬಂದ ತಂದೆತಾಯಿಗಳಿಗೆ ಕಚೇರಿಯಲ್ಲಿ ಏನೆಂದು ಹೇಳಿ ಕಳುಹಿಸಲಾಯಿತೆಂಬುದನ್ನು ಮೊದಲು ವಿಚಾರಿಸಲಿ.