ಬಿಸಿಲು ಎಲ್ಲರದ್ದು, ಮಾಡು ಯಾರದ್ದು?

ಎಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಊರಿನ ಯಾವುದಾದರೂ ಹೊಸ ಮನೆಯ ಮೇಲಂತಸ್ತಿಗೆ ಹೋಗಿ ನೋಡಿ. ಗಲ್ಫ್‌ನಲ್ಲಿ ಹತ್ತಿಪ್ಪತ್ತು ವರ್ಷ ಬೆವರು ಸುರಿಸಿ ಕಟ್ಟಿಸಿದ ಮನೆ. ತಲೆಯ ಮೇಲೆ ಕಾಂಕ್ರೀಟು, ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿ. ಒಳಗೆ ಅರ್ಧ ಗಂಟೆ ಕೂರಲಿಕ್ಕೆ ಆಗುವುದಿಲ್ಲ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಾ ಇರುತ್ತದೆ. ಕೊನೆಗೆ ಏಸಿ ಹಾಕಿಸದೆ ಗತಿಯಿಲ್ಲ. ಇದೇ ಜಾಗದಲ್ಲಿದ್ದ ಅಜ್ಜನ ಕಾಲದ ಕೆಂಪುಕಲ್ಲಿನ, ಹಂಚಿನ ಮಾಡಿನ ಮನೆಯಲ್ಲಿ ಮಧ್ಯಾಹ್ನ ಚಾಪೆ ಹಾಸಿ ಮಲಗಿದರೆ ನಿದ್ದೆ ಬರುತ್ತಿತ್ತು.

ಸೌರ ವಿದ್ಯುತ್ತಿನ ಬಗ್ಗೆ ಮಾತಾಡುವಾಗ ಈ ಮನೆಯಿಂದಲೇ ಶುರು ಮಾಡಬೇಕು. ಮನೆಯನ್ನು ಬಿಸಿ ಪೆಟ್ಟಿಗೆಯಂತೆ ಕಟ್ಟಿ, ಆಮೇಲೆ ಅದನ್ನು ತಣ್ಣಗೆ ಮಾಡಲು ಮಾಡಿನ ಮೇಲೆ ಫಲಕ ಹಾಕಿದರೆ ಅರ್ಧ ಕೆಲಸ ಮಾಡಿದ ಹಾಗೆ.

ಸ್ಥಳೀಯ ಆಡಳಿತ ಏನೂ ಮಾಡಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಮಂಗಳೂರು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಆ ಯೋಜನೆಯ ಮಾರ್ಗಸೂಚಿಯಲ್ಲೇ ನಗರಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಕನಿಷ್ಠ ಶೇ. 10 ಸೌರಶಕ್ತಿಯಿಂದ ಬರಬೇಕು ಎಂದಿತ್ತು. ಕೆಲವು ಸರಕಾರಿ ಕಟ್ಟಡಗಳ ಮೇಲೆ ಫಲಕಗಳು ಬಂದವು. ಪಣಂಬೂರಿನ ಬಂದರು ಕೂಡ ಸೌರ ವಿದ್ಯುತ್ತಿಗೆ ತಿರುಗಿತು. ಆದರೆ 2025ರ ಮಾರ್ಚ್‌ಗೆ ಸ್ಮಾರ್ಟ್ ಸಿಟಿ ಯೋಜನೆಯ ಅವಧಿಯೇ ಮುಗಿದಿದೆ. ಆ ಶೇ. 10ರ ಲೆಕ್ಕವನ್ನು ಪಾಲಿಕೆ ಜನರ ಮುಂದಿಡಬೇಕಾದ ಹೊತ್ತು ಇದು.

ಮನೆಗಳ ವಿಷಯಕ್ಕೆ ಬರೋಣ. 2024ರ ಫೆಬ್ರವರಿಯಲ್ಲಿ ಶುರುವಾದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಒಂದು ಕಿಲೋವ್ಯಾಟ್ ಎಂದರೆ ನೆರಳಿಲ್ಲದ ಸುಮಾರು ನೂರು ಚದರಡಿ ಜಾಗ. ಒಳ್ಳೆ ಬಿಸಿಲಿದ್ದರೆ ದಿನಕ್ಕೆ ಸುಮಾರು ನಾಲ್ಕು ಯುನಿಟ್. ನಮ್ಮ ಆಟಿ ತಿಂಗಳ ಮಳೆಯಲ್ಲಿ ಅಷ್ಟು ಸಿಗುವುದಿಲ್ಲ. ಇನ್ನೊಂದು ಮಾತು ಮೊದಲೇ ಗೊತ್ತಿರಲಿ: ಬ್ಯಾಟರಿ ಇಲ್ಲದೆ ಮೆಸ್ಕಾಂ ಲೈನಿಗೆ ಜೋಡಿಸಿದ ಸೋಲಾರ್, ಕರೆಂಟು ಹೋದಾಗ ತಾನೂ ನಿಂತುಬಿಡುತ್ತದೆ. ಲೈನಿನಲ್ಲಿ ಕೆಲಸ ಮಾಡುವವನ ಜೀವ ಉಳಿಸಲು ಹಾಗೆ ಮಾಡಿದ್ದಾರೆ. ಮಾರುವವರು ಇದನ್ನು ಎಷ್ಟೋ ಸಲ ಹೇಳುವುದೇ ಇಲ್ಲ.

“ಗೃಹಜ್ಯೋತಿಯಲ್ಲಿ ಬಿಲ್ಲೇ ಇಲ್ಲ, ಮತ್ತೆ ಸೋಲಾರ್ ಯಾಕೆ?” ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸಣ್ಣ ಮನೆಗೆ ಈಗ ಅದು ಬೇಡದಿರಬಹುದು. ಆದರೆ ತಿಂಗಳಿಗೆ 200 ಯುನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಏಸಿ ಇರುವ ಮನೆಗೆ ಬೇಸಗೆಯಲ್ಲಿ ಆ ಗೆರೆ ದಾಟಲು ಹೆಚ್ಚು ದಿನ ಬೇಡ. ಶಾಲೆ, ಮದ್ರಸ, ಮಸೀದಿ, ಹಾಲ್, ಅಂಗಡಿಗಳಿಗಂತೂ ಗೃಹಜ್ಯೋತಿಯೂ ಇಲ್ಲ, ಸೂರ್ಯಘರ್ ಸಬ್ಸಿಡಿಯೂ ಇಲ್ಲ. ಹಗಲು ಹೊತ್ತಿನಲ್ಲೇ ಫ್ಯಾನು, ಪಂಪು ಓಡುವ ಜಾಗಗಳಿವು. ಬಿಸಿಲಿನ ಕರೆಂಟು ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲೇ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಸಬ್ಸಿಡಿ ಹೋಗುವುದು ಮಾಡು ಇರುವವನಿಗೆ. ಬಂದರು, ಕುದ್ರೋಳಿ, ಉಳ್ಳಾಲದ ಬಾಡಿಗೆ ಮನೆಗಳಲ್ಲಿ, ಫ್ಲ್ಯಾಟುಗಳಲ್ಲಿ ಇರುವವರಿಗೆ ತಲೆಯ ಮೇಲಿನ ಮಾಡು ತಮ್ಮದಲ್ಲ. ಬೀಡಿ ಕಟ್ಟುವ ಉಮ್ಮ ಕೂತಿರುವ ಕೋಣೆಯೂ ಬಿಸಿಯೇ, ಆದರೆ ಆ ಮಾಡಿನ ಬಿಸಿಲು ಅವರ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ದಾರಿ ಇಲ್ಲ ಎಂದಲ್ಲ. ಒಂದೇ ಕಡೆ ಫಲಕ ಹಾಕಿ, ಬಂದ ಯುನಿಟ್ಟನ್ನು ಹಲವು ಮನೆಗಳ ಮೀಟರಿಗೆ ಹಂಚುವ ವ್ಯವಸ್ಥೆಗೆ ದಿಲ್ಲಿಯಲ್ಲಿ 2019ರಲ್ಲೇ ನಿಯಮ ಬಂದಿದೆ. ನಮ್ಮಲ್ಲೂ ಸರಕಾರಿ ಶಾಲೆಯ, ಮಾರುಕಟ್ಟೆಯ ವಿಶಾಲ ಮಾಡುಗಳಿವೆ. ಪಾಲಿಕೆ ಮತ್ತು ಮೆಸ್ಕಾಂ ಒಟ್ಟಿಗೆ ಕೂತು ಒಂದು ವಾರ್ಡಿನಲ್ಲಾದರೂ ಇದನ್ನು ಮಾಡಿ ತೋರಿಸಲಿ.

ಎರಡನೆಯದು, ಪರವಾನಿಗೆಯ ಮೇಜು. ಪಂಚಾಯತ್, ಪಾಲಿಕೆಗಳ ನಿಜವಾದ ಶಕ್ತಿ ಇರುವುದು ಅಲ್ಲಿ. ಮನೆಯ ನಕ್ಷೆ ಬಂದಾಗಲೇ ಗಾಳಿ ಎಲ್ಲಿಂದ ಬರುತ್ತದೆ, ಪಶ್ಚಿಮದ ಗೋಡೆಗೆ ನೆರಳಿದೆಯೇ, ಮಾಡಿನಲ್ಲಿ ಫಲಕಕ್ಕೆ ಜಾಗ ಬಿಟ್ಟಿದ್ದಾರೆಯೇ ಎಂದು ನೋಡಿದರೆ ಹೆಚ್ಚೇನೂ ಖರ್ಚಿಲ್ಲ. ಕಟ್ಟಿ ಮುಗಿದ ಮೇಲೆ ಎಲ್ಲವೂ ದುಬಾರಿ. ಆದರೆ ನಿಯಮ ಕಾಗದದಲ್ಲಿದ್ದರೆ ಸಾಲದು. ಮಳೆಕೊಯ್ಲಿನ ಮಾತು ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ! 2016 ಮತ್ತು 2019ರ ಬೇಸಗೆಯಲ್ಲಿ ತುಂಬೆಯ ನೀರು ಇಳಿದು ಮಂಗಳೂರಿಗೆ ರೇಷನಿಂಗ್ ಬಂದಾಗ ಎಷ್ಟು ಮನೆಗಳ ಮಳೆಕೊಯ್ಲು ನಿಜಕ್ಕೂ ಕೆಲಸ ಮಾಡುತ್ತಿತ್ತು ಎಂದು ನಮ್ಮನ್ನೇ ನಾವು ಕೇಳಿಕೊಳ್ಳಬೇಕು.

ಹೌದು, ನಮ್ಮನ್ನೇ. ತಪ್ಪೆಲ್ಲ ಸರಕಾರದ್ದಲ್ಲ. ಮನೆ ಕಟ್ಟುವಾಗ ಟೈಲ್ಸಿಗೆ, ಗೇಟಿಗೆ ಸುರಿಯುವ ದುಡ್ಡಿನ ಸಣ್ಣ ಪಾಲನ್ನು ನೆರಳಿಗೆ, ಗಾಳಿಗೆ ಇಡಲು ನಮಗೆ ಮನಸ್ಸಿಲ್ಲ. ಹಂಚಿನ ಮನೆ ಎಂದರೆ ಬಡತನ ಎಂಬ ನಾಚಿಕೆ ಯಾವಾಗಲೋ ನಮ್ಮೊಳಗೆ ಹೊಕ್ಕಿತು. ಎಲ್ಲರೂ ಹಂಚಿಗೆ ಮರಳಬೇಕೆಂದು ನಾವು ಹೇಳುತ್ತಿಲ್ಲ. ಹೊಸ ಮನೆಯ ನಕ್ಷೆ ಮೇಜಿನ ಮೇಲೆ ಬಿಡಿಸಿಟ್ಟ ದಿನ, ಇಂಜಿನಿಯರರಿಗೆ ಒಂದು ಪ್ರಶ್ನೆ ಕೇಳಿ: ಕರೆಂಟು ಇಲ್ಲದಿದ್ದರೂ ಈ ಕೋಣೆಯಲ್ಲಿ ಎಪ್ರಿಲ್ ತಿಂಗಳ ಮಧ್ಯಾಹ್ನ ಮಲಗಬಹುದೇ? ಅದಕ್ಕೆ ಸರಿಯಾದ ಉತ್ತರ ಸಿಕ್ಕಿದ ಮೇಲೆ ಫಲಕದ ಮಾತಾಡೋಣ. ಮಾಡು ಇಲ್ಲದವರ ಪಾಲಿನ ಬಿಸಿಲನ್ನು ಪಾಲಿಕೆಯಲ್ಲಿ ಕೇಳುವ ಕೆಲಸವೂ ನಮ್ಮೆಲ್ಲರದ್ದು.