ಒಂದನೇ ತರಗತಿಯ ಎರಡು ಲಿಪಿಗಳು: ತಮಿಳುನಾಡಿನ ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ



ತಮಿಳುನಾಡಿನ ಸರ್ಕಾರಿ ಶಾಲೆಗೆ ಸೇರುವ ಮಗು ಎರಡು ಲಿಪಿಗಳನ್ನು ಒಟ್ಟಿಗೇ ಎದುರಿಸುತ್ತದೆ. 1968ರಿಂದ ನಡೆದುಬಂದಿರುವ ದ್ವಿಭಾಷಾ ನೀತಿಯಿಂದಾಗಿ ಅದರ ಚೀಲದಲ್ಲಿ ತಮಿಳು ಪುಸ್ತಕವೂ ಇಂಗ್ಲಿಷ್ ಪುಸ್ತಕವೂ ಇರುತ್ತವೆ. 2012-13ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದ ಮೇಲೆ ಇಂಗ್ಲಿಷಿನ ಒತ್ತಡ ಇನ್ನಷ್ಟು ಹೆಚ್ಚಿದೆ. 2022ರ ಜೂನ್‌ನಲ್ಲಿ ಶುರುವಾದ ‘ಎಣ್ಣುಂ ಎಳುತ್ತುಂ’ ಯೋಜನೆ, ಎಂಟು ವರ್ಷದೊಳಗಿನ ಎಲ್ಲ ಮಕ್ಕಳಿಗೂ 2025ರ ಹೊತ್ತಿಗೆ ಓದು, ಬರಹ, ಲೆಕ್ಕ ಬರಬೇಕೆಂಬ ಗುರಿ ಇಟ್ಟುಕೊಂಡಿತ್ತು. ಗಡುವಿನ ವರ್ಷ ಬಂದರೂ ಇದು ಮುಗಿಯುವ ಕೆಲಸವಲ್ಲ. ಪ್ರತಿ ಜೂನ್‌ನಲ್ಲೂ ಅಕ್ಷರ ತಿಳಿಯದ ಹೊಸ ಮಕ್ಕಳು ಬಂದು ಕೂರುತ್ತಾರೆ. ತಮಿಳುನಾಡಿನ ಈ ಸಂಗತಿಯನ್ನು ಕನ್ನಡದಲ್ಲಿ ಬರೆಯುವುದಕ್ಕೂ ಕಾರಣವಿದೆ. ತಾಳವಾಡಿ, ಹೊಸೂರು ಕಡೆಯ ಕನ್ನಡ ಮನೆಗಳ ಮಕ್ಕಳು ಇದೇ ಇಲಾಖೆಯ ಶಾಲೆಗಳಲ್ಲಿ ಓದುತ್ತಾರೆ.

ತಮಿಳಿನ ಓದು ಮತ್ತು ಇಂಗ್ಲಿಷಿನ ಓದು ಒಂದೇ ಬಗೆಯ ಕೆಲಸಗಳಲ್ಲ. ಒಂದೇ ವೇಗದಲ್ಲಿ, ಒಂದೇ ವಿಧಾನದಲ್ಲಿ ಎರಡನ್ನೂ ಕಲಿಸಹೊರಟರೆ ಎರಡೂ ಕೆಡುತ್ತವೆ. ಆದರೆ ತಮಿಳನ್ನು ಅದರ ಗುಣಕ್ಕೆ ತಕ್ಕಂತೆ ಕಲಿಸಿದರೆ ಇಂಗ್ಲಿಷಿಗೆ ಅರ್ಧ ದಾರಿ ಅಲ್ಲೇ ಸವೆದಿರುತ್ತದೆ.

ತಮಿಳು ವರ್ಣಮಾಲೆಯಲ್ಲಿ 12 ಸ್ವರ, 18 ವ್ಯಂಜನ, ಅವೆರಡೂ ಕೂಡಿದ 216 ಗುಣಿತಾಕ್ಷರ, ಆಯ್ದಂ ಎಂಬ ಒಂದು ಬಿಡಿ ಅಕ್ಷರ, ಒಟ್ಟು 247 ಅಕ್ಷರಗಳು. ತರಗತಿಯ ಗೋಡೆಯ ಮೇಲೆ ಈ 247ರ ಪಟ್ಟಿ ತೂಗುವುದುಂಟು. ಅದನ್ನು ಮೇಲಿನಿಂದ ಕೆಳಗೆ ಬಾಯಿಪಾಠ ಮಾಡಿಸುವುದರಷ್ಟು ವ್ಯರ್ಥ ಕೆಲಸ ಇನ್ನೊಂದಿಲ್ಲ. ‘ಙ’ ಸಾಲನ್ನೇ ನೋಡಬಹುದು: ಪದಗಳೊಳಗೆ ಆ ಅಕ್ಷರ ಬಹುಪಾಲು, ಸ್ವರವಿಲ್ಲವೆಂದು ತೋರಿಸುವ ಚುಕ್ಕಿ ಇಟ್ಟ ರೂಪದಲ್ಲಷ್ಟೇ ಸಿಗುತ್ತದೆ. ಉಳಿದ ಗುಣಿತ ರೂಪಗಳನ್ನು ಆರು ವರ್ಷದ ಮಗು ಯಾವ ಕಥೆಯಲ್ಲೂ ಕಾಣುವುದಿಲ್ಲ, ಆದರೂ ತಿದ್ದುತ್ತದೆ.

ನಿಜವಾದ ತೊಡಕು ಇರುವುದು ಸ್ವರಚಿಹ್ನೆಗಳಲ್ಲಿ. ‘ಎ’, ‘ಏ’, ‘ಐ’ಗಳ ಚಿಹ್ನೆ ವ್ಯಂಜನಕ್ಕಿಂತ ಮುಂಚೆ ಬರುತ್ತದೆ, ‘ಒ’, ‘ಓ’, ‘ಔ’ಗಳದ್ದು ಎರಡೂ ಬದಿಗೆ ಕೂರುತ್ತದೆ. ಕಣ್ಣಿಗೆ ಮೊದಲು ಬಿದ್ದದ್ದನ್ನು ಬಾಯಿ ಆಮೇಲೆ ಹೇಳಬೇಕು. ‘ಉ’ಕಾರದ ಆಕಾರವಂತೂ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ. 1978ರ ಲಿಪಿ ಸುಧಾರಣೆ ‘ಆ’ಕಾರ, ‘ಐ’ಕಾರಗಳ ಕೆಲವು ವಕ್ರ ರೂಪಗಳನ್ನು ತೆಗೆದುಹಾಕಿತು, ‘ಉ’ಕಾರದ ತಂಟೆಗೆ ಹೋಗಲಿಲ್ಲ. ಹಾಗಾಗಿ ಮೂಲಾಕ್ಷರ ಬಂದ ಮಾತ್ರಕ್ಕೆ ಓದು ಬಂತೆಂದು ತಿಳಿಯುವಂತಿಲ್ಲ. ಬೆಂಗಳೂರಿನ ಸಂಶೋಧಕಿ ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಹರಿಯುತ್ತದೆ. ತಮಿಳಿಗೂ ಈ ಮಾತು ಸಲ್ಲುತ್ತದೆ. ಗುಣಿತಾಕ್ಷರಗಳ ಅಭ್ಯಾಸವನ್ನು ಎರಡು, ಮೂರನೇ ತರಗತಿಗಳಲ್ಲೂ ಮುಂದುವರಿಸುವುದು ಹಿಂದುಳಿದವರಿಗೆ ಕೊಟ್ಟ ರಿಯಾಯಿತಿಯಲ್ಲ, ಲಿಪಿಯ ಅಗತ್ಯ.

ಅಕ್ಷರಗಳ ಕ್ರಮವೂ ಮುಖ್ಯ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಕರ್ನಾಟಕದ ಕಲಿಕಾ ಪದ್ಧತಿ ನಲಿ ಕಲಿ ‘ಅ, ಆ, ಇ, ಈ’ ಬಿಟ್ಟು ‘ರ, ಗ, ಸ, ದ, ಅ’ದಿಂದ ಹೊರಟಿತು. ಐದು ಅಕ್ಷರ ಬಂದರೆ ಸಾಕು, ಮಗು ‘ಸರ’, ‘ಅರಸ’, ‘ಅಗಸ’, ‘ಗರಗಸ’ ಓದುತ್ತದೆ. ಚೆನ್ನೈ ಪಾಲಿಕೆಯ ಶಾಲೆಗಳಿಂದ ತಮಿಳುನಾಡಿಗೆಲ್ಲ ಹರಡಿದ ಚಟುವಟಿಕೆ ಆಧಾರಿತ ಕಲಿಕೆಗೂ ನಲಿ ಕಲಿಗೂ ರಿಷಿ ವ್ಯಾಲಿ ಶಾಲೆಯ ಪ್ರಯೋಗವೇ ಮೂಲ. ತಮಿಳಿನಲ್ಲಿ ಈ ಕೆಲಸ ಇನ್ನೂ ಸಲೀಸು. ‘ಪ’, ‘ಟ’, ‘ಮ’ ಎಂಬ ಮೂರು ಅಕ್ಷರ, ಮೇಲೊಂದು ಚುಕ್ಕಿ ಗೊತ್ತಿದ್ದರೆ ಚಿತ್ರ ಎಂಬ ಅರ್ಥದ ‘ಪಡಂ’, ಗಾಳಿಪಟ ಎಂಬ ಅರ್ಥದ ‘ಪಟ್ಟಂ’, ಜೊತೆಗೆ ‘ಮಡಂ’, ‘ಮಟ್ಟಂ’ ಎಲ್ಲವೂ ಸಿಗುತ್ತವೆ. ಒಂಟಿಯಾಗಿ ನಡುವೆ ಬಂದ ‘ಟ’ ‘ಡ’ ಆಗುತ್ತದೆ, ಜೋಡಿಯಾಗಿ ಬಂದಾಗ ಗಟ್ಟಿಯಾಗಿ ನಿಲ್ಲುತ್ತದೆ. ಈ ನಿಯಮವನ್ನು ಹೇಳಿಕೊಡಬೇಕಾಗಿಲ್ಲ. ತಮಿಳು ಮಾತಾಡುವ ಮಗುವಿನ ನಾಲಿಗೆಗೆ ಅದು ಮೊದಲೇ ಗೊತ್ತು.

ಆ ಚುಕ್ಕಿಯನ್ನು ತಮಿಳಿನಲ್ಲಿ ಪುಳ್ಳಿ ಎನ್ನುತ್ತಾರೆ. ಇಂಗ್ಲಿಷ್ ಕಲಿಸುವವರು ಗಮನಿಸದೆ ಬಿಟ್ಟಿರುವ ಆಸ್ತಿ ಅದು. ಕನ್ನಡದಲ್ಲಿ ‘ಅಮ್ಮಾ’ ಎಂದು ಬರೆದರೆ ಎರಡನೇ ‘ಮ’ ಒತ್ತಾಗಿ ಕೆಳಗಿಳಿಯುತ್ತದೆ. ತಮಿಳಿನಲ್ಲಿ ಅದೇ ಪದ ‘ಅ’, ‘ಮ್’, ‘ಮಾ’ ಎಂದು ಮೂರು ಅಕ್ಷರಗಳಾಗಿ ಒಂದೇ ಸಾಲಿನಲ್ಲಿ ನಿಲ್ಲುತ್ತದೆ. ಸ್ವರವಿಲ್ಲದ ಬರಿಯ ವ್ಯಂಜನವೂ ಒಂದು ಅಕ್ಷರವೆಂಬುದು ತಮಿಳು ಮಗುವಿಗೆ ಕಣ್ಣೆದುರೇ ಕಾಣುವ ಸಂಗತಿ. ಇಂಗ್ಲಿಷ್ ಓದಿಗೆ ಬೇಕಾದ ಮೊದಲ ತಿಳಿವಳಿಕೆಯೂ ಅದೇ. ಇಂಗ್ಲಿಷಿನ ‘ಎಮ್’ ಅಕ್ಷರವನ್ನು ಪುಳ್ಳಿ ಇಟ್ಟ ‘ಮ್’ ಪಕ್ಕದಲ್ಲಿ ಬರೆದು ತೋರಿಸಲು ಹೆಚ್ಚು ಹೊತ್ತು ಬೇಕಿಲ್ಲ.

ಸಾಮಾನ್ಯವಾಗಿ ಆಗುವುದೇ ಬೇರೆ. ಅಕ್ಷರದ ಹೆಸರು ಕಲಿಸುತ್ತಾರೆ, ನಾಲ್ಕು ಗೆರೆಯ ನೋಟ್‌ಬುಕ್ಕಿನಲ್ಲಿ ಪುಟಗಟ್ಟಲೆ ತಿದ್ದಿಸುತ್ತಾರೆ. ಸಿ, ಎ, ಟಿ ಎಂಬ ಹೆಸರುಗಳನ್ನು ಎಷ್ಟು ಬೇಗ ಕೂಡಿಸಿ ಹೇಳಿದರೂ ‘ಸೀಏಟೀ’ ಆದೀತೇ ಹೊರತು ‘ಕ್ಯಾಟ್’ ಆಗುವುದಿಲ್ಲ. ಹೆಸರಿನ ಬದಲು ಧ್ವನಿ ಕಲಿಸುವಾಗಲೂ ಎಚ್ಚರ ಬೇಕು. ‘ಟ್’ ಅನ್ನುವ ಕಡೆ ಶಿಕ್ಷಕರು ‘ಟ’ ಅಂದುಬಿಟ್ಟರೆ ಧ್ವನಿಗಳು ಬೆಸೆಯುವುದಿಲ್ಲ. ಪದದ ಕೊನೆಗೆ ‘ಉ’ ಸೇರಿಸಿ ‘ಬುಕ್ಕು’, ‘ಕಪ್ಪು’ ಎನ್ನುವುದು ತಮಿಳರಿಗೂ ಕನ್ನಡಿಗರಿಗೂ ಸಹಜ ಅಭ್ಯಾಸ. ಅದಕ್ಕೆ ಮಗುವನ್ನು ಗದರುವುದು ತಪ್ಪು.

ಇಂಗ್ಲಿಷಿನ 26 ಅಕ್ಷರಗಳು ಸುಮಾರು 44 ಧ್ವನಿಗಳನ್ನು ಹೊರುತ್ತವೆ; ಅದರ ಕಷ್ಟ ಇಂಗ್ಲಿಷರ ಮಕ್ಕಳಿಗೂ ತಪ್ಪಿದ್ದಲ್ಲ. ಯುರೋಪಿನ 13 ಭಾಷೆಗಳನ್ನು ಹೋಲಿಸಿ ಫಿಲಿಪ್ ಸೆಮೂರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದನೇ ತರಗತಿಯ ಕೊನೆಗೆ ಫಿನ್‌ಲೆಂಡ್, ಗ್ರೀಸ್‌ನ ಮಕ್ಕಳು ಪರಿಚಿತ ಪದಗಳನ್ನು ಹೆಚ್ಚುಕಡಿಮೆ ಎಲ್ಲವನ್ನೂ ಓದಿದರೆ, ಇಂಗ್ಲಿಷ್ ಕಲಿಯುವ ಮಕ್ಕಳು ಓದಿದ್ದು ಸುಮಾರು ಮೂರನೇ ಒಂದು ಭಾಗ. ಮನೆಮಾತು ಇಂಗ್ಲಿಷ್ ಆಗಿದ್ದವರ ಪಾಡೇ ಹೀಗಿರುವಾಗ ವಿಳುಪ್ಪುರದ ಹಳ್ಳಿಯ ಮಗುವಿಗೆ ಅದೇ ಗಡುವು ಹಾಕುವುದು ನ್ಯಾಯವಲ್ಲ. ಆ ಮಗುವಿಗೆ ಮೊದಲು ಬೇಕಿರುವುದು ಕಿವಿಯ ಇಂಗ್ಲಿಷ್: ಕಥೆ, ಹಾಡು, ಆಟ, ‘ಕಮ್’, ‘ಸಿಟ್’ ಮುಂತಾದ ದಿನಬಳಕೆಯ ಮಾತು. ಕೇಳಿ ಗೊತ್ತಿಲ್ಲದ ಪದವನ್ನು ಸರಿಯಾಗಿ ಉಚ್ಚರಿಸಿದರೂ ಅದು ಓದಿದಂತಾಗುವುದಿಲ್ಲ. ತಮಿಳಿನ ಬಿಡಿ ಪದಗಳ ಓದು ಕೈಗೆ ಹತ್ತಿದ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ಎಸ್, ಎ, ಟಿ, ಐ, ಪಿ, ಎನ್ ಕ್ರಮದಲ್ಲಿ ತರಬಹುದು. ಬ್ರಿಟನ್ನಿನ ಕೆಲವು ಫೋನಿಕ್ಸ್ (ಧ್ವನಿಯಿಂದ ಓದು ಕಲಿಸುವ) ಪಾಠಗಳು ಹಿಡಿದಿರುವ ಕ್ರಮ ಇದು. ‘ಸ್ಯಾಟ್’, ‘ಪಿನ್’, ‘ಟಿನ್’, ‘ಟ್ಯಾಪ್’ ಇದರಿಂದಲೇ ಹುಟ್ಟುತ್ತವೆ. ‘ದ’, ‘ವಾಸ್’, ‘ಸೆಡ್’ ತರಹದ ಹಟಮಾರಿ ಪದಗಳನ್ನು ಇಡಿಯಾಗಿ ಗುರುತು ಹಿಡಿಸಿದರಾಯಿತು.

ತಮಿಳು ಲಿಪಿಯ ಒಂದು ಅಭ್ಯಾಸ ಇಲ್ಲಿ ತೊಡರುಗಾಲು ಹಾಕುತ್ತದೆ. ‘ಪ’, ‘ಬ’ ಎರಡಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ‘ಕ’, ‘ಗ’ಗಳಿಗೂ ಹಾಗೆಯೇ. ಇಂಗ್ಲಿಷಿನಲ್ಲಿ ‘ಪಿಗ್’, ‘ಬಿಗ್’ ಬೇರೆ. ‘ಕೋಟ್’, ‘ಗೋಟ್’ ಬೇರೆ. ಇಂಥ ಜೋಡಿಗಳನ್ನು ಚಿತ್ರ ತೋರಿಸಿ ಕಿವಿಗೆ ಹಾಕುವ ಪಾಠ ತಮಿಳುನಾಡಿಗೆಂದೇ ಬರೆದದ್ದಾಗಿರಬೇಕು, ಆಮದು ಮಾಡಿಕೊಂಡ ಪುಸ್ತಕದಲ್ಲಿ ಅದು ಸಿಗಲಾರದು.

ತಮಿಳಿನದೇ ಇನ್ನೊಂದು ಕಷ್ಟ, ಬರಹದ ತಮಿಳಿಗೂ ಮನೆಯ ತಮಿಳಿಗೂ ಇರುವ ದೂರ. ಪುಸ್ತಕದ ‘ಇರುಕ್ಕಿರದು’ ಮಗುವಿನ ಬಾಯಲ್ಲಿ ‘ಇರುಕ್ಕು’. ಮೊದಲ ಓದಿನ ಪುಸ್ತಕಗಳಲ್ಲಿ ಮಾತಿನ ರೂಪಗಳಿಗೂ ಒಂದಿಷ್ಟು ಜಾಗ ಕೊಟ್ಟರೆ ಭಾಷೆಗೆ ಕುಂದೇನೂ ಬರುವುದಿಲ್ಲ. ಪಂಡಿತರು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

‘ಎಣ್ಣುಂ ಎಳುತ್ತುಂ’ ಮಕ್ಕಳನ್ನು ಅರುಂಬು (ಎಳೆಮೊಗ್ಗು), ಮೊಟ್ಟು (ಮೊಗ್ಗು), ಮಲರ್ (ಹೂವು) ಎಂಬ ಮೂರು ಏರುವ ಹಂತಗಳಲ್ಲಿ ಗುರುತಿಸುತ್ತದೆ. ಒಂದೇ ಮಗು ತಮಿಳಿನಲ್ಲಿ ಮಲರ್, ಇಂಗ್ಲಿಷಿನಲ್ಲಿ ಅರುಂಬು ಆಗಿರುವುದು ಸಹಜವೆಂದು ಇಲಾಖೆ ಶಿಕ್ಷಕರಿಗೂ ಪೋಷಕರಿಗೂ ಸ್ಪಷ್ಟವಾಗಿ ಹೇಳಬೇಕು. ಹಂತ ನಿರ್ಧರಿಸಬೇಕಾದ್ದು ಬರೆದ ಉತ್ತರವಲ್ಲ. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದು ಹಿಂದೆ ನೋಡಿರದ ನಾಲ್ಕು ಸಾಲು ಓದಿಸಿ ಕೇಳುವುದು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದಕ್ಕೆ ಪುರುಸೊತ್ತು ಸಿಗಬೇಕಾದರೆ ಅವರ ಮೇಲಿರುವ, ಆ್ಯಪ್‌ಗೆ ಮಾಹಿತಿ ತುಂಬುವ ಕೆಲಸ ಕಡಿಮೆಯಾಗಬೇಕು. 2021ರಲ್ಲಿ ಶುರುವಾದ ‘ಇಲ್ಲಂ ತೇಡಿ ಕಲ್ವಿ’ (ಮನೆ ಹುಡುಕಿ ಬರುವ ಕಲಿಕೆ) ಯೋಜನೆಯ ಸ್ವಯಂಸೇವಕರಂಥ ಊರಿನವರನ್ನೇ ಸಂಜೆಯ ಓದಿಗೆ ಕೂರಿಸುವುದು ಸಾಧ್ಯವಿರುವ ದಾರಿ.

ಕೊನೆಯದಾಗಿ ಗಡಿಯ ಮಕ್ಕಳು. ತಮಿಳನ್ನು ಕಡ್ಡಾಯಗೊಳಿಸಿದ 2006ರ ತಮಿಳು ಕಲಿಕಾ ಕಾಯ್ದೆ ಬಂದ ಮೇಲೆ ತಾಳವಾಡಿಯ ಕನ್ನಡ ಮಗುವಿಗೆ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಲಿಪಿಗಳು ಬಂದಿವೆ. ತಮಿಳು ಮಗುವಿಗೆಂದು ಮಾಡಿದ ಪಾಠ ಇಲ್ಲಿ ನಡೆಯುವುದಿಲ್ಲ. ‘ಪಡಂ’ ಎಂದು ಬರೆದಿರುವಲ್ಲಿ ‘ಟ’ ಯಾಕೆ ‘ಡ’ ಆಯಿತೆಂದು ಅದರ ನಾಲಿಗೆಗೆ ಗೊತ್ತಿರುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಅದರಂತೆ ಈ ಶಾಲೆಗಳಲ್ಲಿ ಮೊದಲ ಓದು ಕನ್ನಡದಲ್ಲೇ ಆಗಿ, ತಮಿಳನ್ನು ಮೊದಲು ಮಾತಾಗಿಯೂ ಆಮೇಲೆ ಲಿಪಿಯಾಗಿಯೂ ಕಲಿಸುವ ಪ್ರತ್ಯೇಕ ಪುಸ್ತಕ, ಕನ್ನಡವೂ ತಮಿಳೂ ಬಲ್ಲ ಶಿಕ್ಷಕರು ಮುಂದಿನ ಜೂನ್‌ಗೆ ಮುಂಚೆ ಸಿಗಬೇಕು.